ಮುಖಪುಟದ ಇಸವಿ ನಂಬಿ ಮಾರಬಹುದಾ? ಸ್ವಲ್ಪ ಉದ್ದದ ಉತ್ತರ

ನಮಸ್ಕಾರ. ನೀವು ಕೇಳಿದ್ದು ಎರಡು ವಿಷಯ. ನಿಮಗೆ ಸಿಕ್ಕಿರುವ ತೆಳ್ಳನೆಯ ಇಂಗ್ಲಿಷ್ ಕವಿತೆ ಪುಸ್ತಿಕೆಯ ಮುಖಪುಟದಲ್ಲಿ 'ಲಂಡನ್, 1852' ಅಂತ ಇದೆ, ಅದನ್ನೇ ನಂಬಿ ಮೊದಲ ಮುದ್ರಣ ಅಂತ ಮಾರಬಹುದಾ ಅನ್ನೋದು ಒಂದು. ಹಳೆ ಪುಸ್ತಕದ ವ್ಯಾಪಾರಿಗಳು ದಪ್ಪ ದಪ್ಪ ಗ್ರಂಥಸೂಚಿ (ಒಬ್ಬ ಲೇಖಕರ ಪುಸ್ತಕಗಳ ಮುದ್ರಣಗಳನ್ನು ವಿವರವಾಗಿ ಪಟ್ಟಿ ಮಾಡಿದ ಪುಸ್ತಕ) ಹರಡಿಕೊಂಡು ಯಾಕೆ ಕೂರುತ್ತಾರೆ, ನೋಡಿ ಬೆಲೆ ಹೇಳಿದರೆ ಸಾಕಲ್ವಾ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕಥೆಯಲ್ಲಿದೆ.

ಮೊದಲಿಗೆ ನೇರ ಉತ್ತರ: ಸಾಲದು. ಮುದ್ರಿಸಿದವನು ನಾವು ಏನು ನಂಬಬೇಕು ಅಂದುಕೊಂಡನೋ ಅದಷ್ಟೇ ಮುಖಪುಟದಲ್ಲಿರುತ್ತದೆ. ಕಾಗದಕ್ಕೆ, ಅಚ್ಚಿನ ಮೊಳೆಗೆ (ಅಕ್ಷರ ಒತ್ತುವ ಸೀಸದ ತುಂಡಿಗೆ) ಆ ಹಂಗಿಲ್ಲ. ಇದನ್ನು ಲೋಕಕ್ಕೇ ಗೊತ್ತಾಗುವ ಹಾಗೆ ತೋರಿಸಿದವರು ಪ್ರೊಫೆಸರುಗಳಲ್ಲ, ಲಂಡನ್ನಿನ ಇಬ್ಬರು ಪುಸ್ತಕ ವ್ಯಾಪಾರಿಗಳು. ಜಾನ್ ಕಾರ್ಟರ್ ಅಮೆರಿಕದ ಸ್ಕ್ರಿಬ್ನರ್ ಕಂಪನಿಗೆ ಲಂಡನ್ನಿನಲ್ಲಿ ಅಪರೂಪದ ಪುಸ್ತಕಗಳನ್ನು ಹುಡುಕಿ ಕೊಡುತ್ತಿದ್ದರು. ಗ್ರಹಾಂ ಪೊಲಾರ್ಡ್ 'ಬಿರೆಲ್ ಅಂಡ್ ಗಾರ್ನೆಟ್' ಅನ್ನುವ ಅಂಗಡಿಯ ಪಾಲುದಾರರಾಗಿದ್ದರು. 1934ರಲ್ಲಿ ಅವರ ತನಿಖೆ ಪುಸ್ತಕವಾಗಿ ಬಂದಾಗ ಇಬ್ಬರಿಗೂ ಮೂವತ್ತರ ಆಸುಪಾಸಿನ ವಯಸ್ಸು.

ಅವರಿಗೆ ಅನುಮಾನ ಬಂದದ್ದು ಹೆಚ್ಚುಕಡಿಮೆ ನಿಮ್ಮ ಹತ್ತಿರ ಇರುವಂಥದ್ದೇ ಪುಸ್ತಿಕೆಗಳ ಮೇಲೆ. ಅದರಲ್ಲಿ ಹೆಸರಾದದ್ದು ಇಂಗ್ಲಿಷ್ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ 'ಸಾನೆಟ್ಸ್ ಫ್ರಮ್ ದಿ ಪೋರ್ಚುಗೀಸ್'. ಈ ಕವಿತೆಗಳು ಎಲ್ಲರಿಗೂ ಗೊತ್ತಿರುವ ಹಾಗೆ 1850ರ ಸಂಗ್ರಹದಲ್ಲಿ ಬಂದವು. ಆದರೆ 'ರೆಡಿಂಗ್, 1847' ಅಂತ ಮುಖಪುಟ ಇರುವ ಖಾಸಗಿ ಮುದ್ರಣವೊಂದು ಮಾರುಕಟ್ಟೆಯಲ್ಲಿ ಓಡಾಡುತ್ತಿತ್ತು. ಮೂರು ವರ್ಷ ಮುಂಚಿನದು ಅಂದಮೇಲೆ ಸಂಗ್ರಾಹಕರು ಬಿಡ್ತಾರಾ? ಒಳ್ಳೆ ಬೆಲೆಗೆ ಹೋಗುತ್ತಿತ್ತು.

ಕಾರ್ಟರ್ ಮತ್ತು ಪೊಲಾರ್ಡ್ ಆ ಕಾಗದದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸಿದರು. ಇಂಗ್ಲೆಂಡಿನಲ್ಲಿ ಮೊದಲು ಕಾಗದ ಮಾಡುತ್ತಿದ್ದದ್ದು ಚಿಂದಿ ಬಟ್ಟೆಯಿಂದ. 1861ರ ಹೊತ್ತಿಗೆ ಎಸ್ಪಾರ್ಟೊ ಅನ್ನುವ ಹುಲ್ಲು ಸೇರಿತು. ರಾಸಾಯನಿಕದಲ್ಲಿ ಬೇಯಿಸಿದ ಮರದ ತಿರುಳು ಬಂದದ್ದು 1870ರ ದಶಕ ಹುಟ್ಟಿದ ಮೇಲೆ. 1847ರ ಪುಸ್ತಿಕೆಯಲ್ಲಿ ಆ ಮರದ ತಿರುಳಿತ್ತು! ಅಲ್ಲಿಗೆ ಆಟ ಮುಗಿಯಿತು.

ಆದರೂ ಅವರು ನಿಲ್ಲಿಸಲಿಲ್ಲ. ನನಗೆ ಇಷ್ಟವಾಗುವುದು ಮುಂದಿನ ಭಾಗ. ಹಳೆ ಸೀಸದ ಮೊಳೆಯಲ್ಲಿ ಇಂಗ್ಲಿಷಿನ 'ಎಫ್' ಅಕ್ಷರದ ತಲೆ ಮೊಳೆಯ ಅಂಚಿನಿಂದ ಆಚೆ ಚಾಚಿಕೊಂಡಿರುತ್ತಿತ್ತು. ಚಾಚಿದ ತುದಿ ಬೇಗ ಮುರಿಯುವುದರಿಂದ 1880ರ ದಶಕದಲ್ಲಿ ಚಾಚು ಇಲ್ಲದ 'ಎಫ್', 'ಜೆ' ಮೊಳೆಗಳು ಬಂದವು. ಈ ಪುಸ್ತಿಕೆಯಲ್ಲಿದ್ದದ್ದು ಆ ಹೊಸ ಮೊಳೆ. ಅದರ ಜೊತೆಗಿದ್ದ ಪ್ರಶ್ನಾರ್ಥಕ ಚಿಹ್ನೆ ಬೇರೆ ಮೊಳೆಯ ಗುಂಪಿನದು. ಇದೇ ವಿಚಿತ್ರ ಜೋಡಿ 1893ರ ಇನ್ನೊಂದು ಮುದ್ರಣದಲ್ಲಿ ಸಿಕ್ಕಿತು. ಅದು ಮ್ಯಾಥ್ಯೂ ಅರ್ನಾಲ್ಡ್ ಅವರ ಕವಿತೆಯೊಂದರ ಮರುಮುದ್ರಣ. ಅದರಲ್ಲಿ ಮುದ್ರಕರ ಹೆಸರು ರಾಜಾರೋಷವಾಗಿ ಇತ್ತು: ರಿಚರ್ಡ್ ಕ್ಲೇ. ಆ ಮುದ್ರಣ ಮಾಡಿಸಿದ್ದು ಯಾರು? ಥಾಮಸ್ ಜೇಮ್ಸ್ ವೈಸ್.

ಈ ವೈಸ್ ಯಾರು ಅಂತ ಗೊತ್ತಾದರೆ ನಿಮ್ಮ ಎರಡನೇ ಪ್ರಶ್ನೆಗೆ ದಾರಿ ಸಿಗುತ್ತದೆ. ಸುಗಂಧ ತೈಲದ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾಗಿ ಕೆಲಸ ಶುರು ಮಾಡಿದ ಈತ ಆ ಕಾಲದ ದೊಡ್ಡ ಸಂಗ್ರಾಹಕನಾದ, ಜೊತೆಗೆ ದೊಡ್ಡ ಗ್ರಂಥಸೂಚಿಕಾರನೂ ಆದ. 1922ರಿಂದ 1924ರವರೆಗೆ ಲಂಡನ್ನಿನ ಬಿಬ್ಲಿಯೊಗ್ರಾಫಿಕಲ್ ಸೊಸೈಟಿಗೆ ಅಧ್ಯಕ್ಷ. ಟೆನಿಸನ್, ಬ್ರೌನಿಂಗ್, ಸ್ವಿನ್‌ಬರ್ನ್ ಇವರ ಪುಸ್ತಕಗಳ ಪ್ರಮಾಣ ಪಟ್ಟಿ ಬರೆದವನು ಇವನೇ. ತಾನೇ ಅಚ್ಚು ಹಾಕಿಸಿದ ನಕಲಿಗಳನ್ನು ಆ ಪಟ್ಟಿಗಳಲ್ಲಿ ಸೇರಿಸಿಬಿಡುತ್ತಿದ್ದ. ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಂದೊಂದು ಪ್ರತಿ ಕಾಣಿಕೆಯಾಗಿ ಕೊಡುತ್ತಿದ್ದ. ಅನುಮಾನ ಬಂದವರು ಪಟ್ಟಿ ತೆಗೆದು ನೋಡಿದರೆ ಅಲ್ಲಿದೆ, ಮ್ಯೂಸಿಯಮ್ಮಿನಲ್ಲಿ ನೋಡಿದರೆ ಅಲ್ಲೂ ಇದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

1934ರ ಪುಸ್ತಕದಲ್ಲಿ ಸುಮಾರು 50 ಪುಸ್ತಿಕೆಗಳ ತಪಾಸಣೆ ಇದೆ. ವೈಸ್ ಕಳ್ಳ ಅಂತ ಒಂದು ಕಡೆಯೂ ನೇರವಾಗಿ ಬರೆದಿಲ್ಲ. ಸಾಕ್ಷಿಯನ್ನು ಸಾಲಾಗಿ ಜೋಡಿಸಿ ಸುಮ್ನೆ ಇದ್ದುಬಿಟ್ಟರು. ಓದಿದವರಿಗೆ ಬೇರೆ ಹೆಸರೇ ಹೊಳೆಯುವುದಿಲ್ಲ, ಹಾಗಿದೆ ಅದು. ವೈಸ್ 1937ರಲ್ಲಿ ಒಪ್ಪಿಕೊಳ್ಳದೆಯೇ ತೀರಿಕೊಂಡ. ಅವನ ಗ್ರಂಥಾಲಯವನ್ನು ಬ್ರಿಟಿಷ್ ಮ್ಯೂಸಿಯಂ 66,000 ಪೌಂಡ್ ಕೊಟ್ಟು ಕೊಂಡಿತು. ಆಮೇಲೆ 1950ರ ದಶಕದಲ್ಲಿ ಡೇವಿಡ್ ಫಾಕ್ಸನ್ ಇನ್ನೊಂದು ವಿಷಯ ಹೊರಗೆಳೆದರು. ವೈಸ್ ಅದೇ ಮ್ಯೂಸಿಯಮ್ಮಿನ ಹಳೆ ನಾಟಕಗಳಿಂದ ಹಾಳೆಗಳನ್ನು ಕಿತ್ತು ತನ್ನ ಅಪೂರ್ಣ ಪ್ರತಿಗಳಿಗೆ ಸೇರಿಸಿಕೊಂಡಿದ್ದ. ಕದ್ದ ಮನೆಗೇ ಮಾಲು ಮಾರಾಟವಾಗಿತ್ತು!

ಈಗ ನಿಮ್ಮ ಪುಸ್ತಿಕೆಗೆ ಬರೋಣ. ಮರದ ತಿರುಳಿನ ಕಥೆ ಓದಿ ಕಾಗದಕ್ಕೆ ಯಾವುದಾದರೂ ದ್ರಾವಣ ಹಚ್ಚಿ ನೋಡಲು ಹೋಗಬೇಡಿ. ಅದು ಪ್ರಯೋಗಾಲಯದ ಕೆಲಸ, ಕಲೆ ಉಳಿದುಬಿಡುತ್ತದೆ. ಕಣ್ಣು, ಬೆರಳು, ಒಂದು ಭೂತಗನ್ನಡಿ ಇದ್ದರೆ ತುಂಬಾ ದೂರ ಹೋಗಬಹುದು.

ಪುಟ ಎಣಿಸುವುದು ಮೊದಲ ಕೆಲಸ. ಮುದ್ರಿತ ಪುಟಸಂಖ್ಯೆ ಬಿಡಿ, ಹಾಳೆ ಎಣಿಸಿ, ಖಾಲಿ ಹಾಳೆಯನ್ನೂ ಸೇರಿಸಿ. ಕೆಲವು ಪುಟಗಳ ಅಡಿಯಲ್ಲಿ ಎ, ಬಿ, ಸಿ ಅಂತ ಒಂಟಿ ಅಕ್ಷರ ಇರುತ್ತದೆ. ಅದು ಬೈಂಡರ್ ಫಾರಂಗಳನ್ನು (ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟುಗಳನ್ನು) ಸರಿಯಾದ ಕ್ರಮದಲ್ಲಿ ಜೋಡಿಸಲಿ ಅಂತ ಹಾಕುತ್ತಿದ್ದ ಗುರುತು. ಸಾಮಾನ್ಯವಾಗಿ 23 ಅಕ್ಷರ ಬಳಸುತ್ತಿದ್ದರು. 'ಜೆ' ಮತ್ತು 'ಡಬ್ಲ್ಯು' ಇರುವುದಿಲ್ಲ, 'ಯು' 'ವಿ' ಎರಡರಲ್ಲಿ ಒಂದೇ ಇರುತ್ತದೆ. ಹಾಗಾಗಿ 'ಐ' ಆದ ಮೇಲೆ 'ಕೆ' ಬಂದರೆ ಹಾಳೆ ಹೋಗಿದೆ ಅಂತ ಗಾಬರಿ ಆಗಬೇಡಿ. ಪ್ರತಿ ಫಾರಂನಲ್ಲಿ ಎಷ್ಟು ಹಾಳೆ ಅಂತ ಬರೆದುಕೊಳ್ಳಿ. ಗ್ರಂಥಸೂಚಿಯಲ್ಲಿ ಇರುವುದು ಇದೇ ಲೆಕ್ಕ: ಪೂರ್ತಿ ಪ್ರತಿಯಲ್ಲಿ ಎಷ್ಟು ಹಾಳೆ, ಎಲ್ಲಿ ಖಾಲಿ, ಎಲ್ಲಿ ಚಿತ್ರ, ಯಾವ ಸಾಲಿನಲ್ಲಿ ಅಚ್ಚಿನ ತಪ್ಪು ಇದ್ದರೆ ಮೊದಲ ಮುದ್ರಣ. ವ್ಯಾಪಾರಿ ಅದರ ಜೊತೆ ಹೋಲಿಸದೆ ಬೆಲೆ ಹೇಳಿದರೆ ಅದು ಊಹೆ ಅಷ್ಟೇ. ಮತ್ತೆ, ವೈಸ್ ಕಥೆ ಗೊತ್ತಿರುವ ವ್ಯಾಪಾರಿ ಆ ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ಕಾರ್ಟರ್ 1952ರಲ್ಲಿ ಪುಸ್ತಕ ಸಂಗ್ರಾಹಕರಿಗಾಗಿ ಬರೆದ ಪದಕೋಶ ಇಂದಿಗೂ ಹಳೆ ಪುಸ್ತಕದ ಅಂಗಡಿಗಳಲ್ಲಿ ಬಳಕೆಯಲ್ಲಿದೆ. ವ್ಯಾಪಾರಿಗಳ ಪಟ್ಟಿಯ ಭಾಷೆಯನ್ನು ನಗುತ್ತಾ ಬಿಡಿಸಿ ಹೇಳುತ್ತದೆ. ಸಿಕ್ಕರೆ ಕೊಳ್ಳಿ.

ಆಮೇಲೆ ಅಚ್ಚು. ಪುಟವನ್ನು ಓರೆ ಬೆಳಕಿಗೆ ಹಿಡಿಯಿರಿ. ಮೊಳೆಯಿಂದ ಒತ್ತಿದ ಅಚ್ಚಾದರೆ ಹಿಂಬದಿಯಲ್ಲಿ ಸಣ್ಣ ಉಬ್ಬು ಕಾಣಬಹುದು, ಬೆರಳಿಗೂ ಸಿಗಬಹುದು. ಅಕ್ಷರ ಪೂರಾ ಚಪ್ಪಟೆಯಾಗಿ ಕೂತಿದ್ದರೆ, ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸಾಲು ಸಾಲು ಚುಕ್ಕಿ ಕಂಡರೆ, ಅದು ಫೋಟೊ ತೆಗೆದು ಮಾಡಿದ ಮರುಮುದ್ರಣ ಇರುವ ಸಂಭವ ಜಾಸ್ತಿ. ನೇರಳಾತೀತ ಟಾರ್ಚ್ ಇದ್ದರೆ ಕತ್ತಲಲ್ಲಿ ಹಿಡಿದು ನೋಡಿ. ಕಾಗದ ನೀಲಿಯಾಗಿ ಫಳಫಳ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಅಂತ ಅರ್ಥ. ಆ ರಾಸಾಯನಿಕ ಕಾಗದಕ್ಕೆ ಬಂದದ್ದು 1950ರ ಸುಮಾರಿಗೆ. ಹೊಳೆಯದಿದ್ದರೆ ಅಸಲಿ ಅಂತ ಮಾತ್ರ ಅಲ್ಲ. ವೈಸ್‌ನ ನಕಲಿಗಳೂ ಹೊಳೆಯುವುದಿಲ್ಲ, ಅವೂ ಈಗ ನೂರು ವರ್ಷ ದಾಟಿವೆ.

ಕಾಗದದಲ್ಲಿ ಗೆರೆ, ವಾಟರ್‌ಮಾರ್ಕ್ ಕಾಣದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. 1852ಕ್ಕೆ ಇಂಗ್ಲೆಂಡಿನಲ್ಲಿ ಯಂತ್ರದ ಕಾಗದ ಮಾಮೂಲಿಯಾಗಿತ್ತು.

ಕೊನೆಗೆ, ಬಹಳ ಜನ ಬಿಟ್ಟುಬಿಡುವ ವಿಷಯ: ಪುಸ್ತಿಕೆಯ ಮೇಲೆ ಯಾರದಾದರೂ ಹೆಸರು, ತಾರೀಕು, 'ಪ್ರೀತಿಯಿಂದ' ಅಂತ ಬರೆದ ಸಾಲು ಇದೆಯಾ? ಕಾರ್ಟರ್ ಮತ್ತು ಪೊಲಾರ್ಡ್ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಆ 1847ರ ಸಾನೆಟ್ ಪುಸ್ತಿಕೆಯನ್ನು ಗೆಳೆಯರಿಗೆ ಹಂಚಲು ಖಾಸಗಿಯಾಗಿ ಅಚ್ಚು ಹಾಕಿಸಿದ್ದು ಅನ್ನುತ್ತಿದ್ದರು, ಆದರೆ ಕವಿ ಸಹಿ ಮಾಡಿ ಕೊಟ್ಟ ಒಂದು ಪ್ರತಿಯೂ ಇಲ್ಲ. ಆ ಕಾಲದ ಪತ್ರಗಳಲ್ಲಿ ಅದರ ಸುದ್ದಿ ಇಲ್ಲ. ಯಾವ ಪ್ರತಿಗೂ ಆ ಕಾಲದ ಬೈಂಡಿಂಗ್ ಇಲ್ಲ. ಎಲ್ಲವೂ ನಿನ್ನೆ ಅಚ್ಚಾದ ಹಾಗೆ ಹೊಸದಾಗಿವೆ. ಇರಬೇಕಾದದ್ದು ಇಲ್ಲದಿರುವುದೂ ಸಾಕ್ಷಿಯೇ. ಆದ್ದರಿಂದ ನಿಮ್ಮ ಪ್ರತಿಯಲ್ಲಿ ಹಳೆ ಹೆಸರು, ಶಾಯಿ ಗೀಟು ಇದ್ದರೆ ರಬ್ಬರ್ ಹಾಕಿ ಅಳಿಸಬೇಡಿ. ಸೆಲ್ಲೋಟೇಪ್ ಅಂಟಿಸಬೇಡಿ. ಅಂಚು ಸಮ ಮಾಡಿಸಿ ಹೊಸ ರಟ್ಟು ಹಾಕಿಸಬೇಡಿ. ಅಂಗಡಿಗೆ ಬರುವ ಮುಂಚೆಯೇ 'ಚೆಂದ' ಮಾಡಿಸಿ ಬೆಲೆ ಕಳೆದುಕೊಂಡ ಪುಸ್ತಕಗಳಿಗೆ ಲೆಕ್ಕ ಇಲ್ಲ.

ಒಂದು ವೇಳೆ ನಿಮ್ಮದು ವೈಸ್ ಮಾಡಿಸಿದ್ದೇ ಆದರೆ ಬೇಜಾರು ಬೇಡ. ಅವನ ನಕಲಿಗಳನ್ನೇ ಬೇಕು ಅಂತ ಹುಡುಕುವ ಸಂಗ್ರಾಹಕರಿದ್ದಾರೆ. ನಕಲಿ ಅಂತಲೇ ಹೇಳಿ ಮಾರಬೇಕು, ಅಷ್ಟೇ.

ನಾಲ್ಕು ಫೋಟೊ ಇಲ್ಲಿ ಹಾಕಿ: ಮುಖಪುಟ, ಅದರ ಹಿಂಬದಿ, ಕೊನೆ ಪುಟದ ಅಡಿಯಲ್ಲಿ ಮುದ್ರಕರ ಹೆಸರು ಇದ್ದರೆ ಅದು, ಮತ್ತೆ 'ಎಫ್' ಅಕ್ಷರ ಜಾಸ್ತಿ ಇರುವ ಒಂದು ಸಾಲನ್ನು ಹತ್ತಿರದಿಂದ ತೆಗೆದದ್ದು. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಹಾಳೆಯ ಲೆಕ್ಕವನ್ನೂ ಬರೆಯಿರಿ. ಕವಿಯ ಹೆಸರು ನೀವು ಹೇಳಿಲ್ಲ, ಅದನ್ನೂ ಹೇಳಿ. ದೊಡ್ಡ ಗ್ರಂಥಾಲಯಗಳ ಪ್ರತಿಯ ವಿವರದ ಜೊತೆ ಹೋಲಿಸಿ ನೋಡೋಣ.