ಉತ್ತರ: ಐದನೇ ಸ್ವರ ಒತ್ತಿದರೆ ಷಡ್ಜ ನಿಂತುಹೋಗುತ್ತದೆ, ಕೊಳ್ಳಲಾ ಬೇಡವಾ?

ಮಂಡ್ಯದಲ್ಲಿ ನೀವು ನೋಡಿದ ಸೆಕೆಂಡ್ ಹ್ಯಾಂಡ್ ಕೊರ್ಗ್ ಮಿನಿಲಾಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್) ಬಹುಶಃ ಕೆಟ್ಟಿಲ್ಲ. ಅದಕ್ಕಿರುವುದೇ ನಾಲ್ಕು ವಾಯ್ಸ್, ಅಂದರೆ ಒಟ್ಟಿಗೆ ನಾಲ್ಕೇ ಸ್ವರ ನುಡಿಯಬಲ್ಲದು. ಎಡಗೈಯಲ್ಲಿ ಸ-ಪ ಹಿಡಿದು ಬಲಗೈಯಲ್ಲಿ ಮೂರು ಸ್ವರ ಒತ್ತಿದರೆ ಐದಾಯಿತು, ಅಲ್ವಾ? ಹೊಸದಕ್ಕೆ ಜಾಗ ಮಾಡಲು ಹಳೆಯದೊಂದನ್ನು ನಿಲ್ಲಿಸಿಬಿಡುತ್ತದೆ.

ದುಡ್ಡು ಕೊಡುವ ಮುಂಚೆ ಇನ್ನೊಂದು ಸಲ ಹೋಗಿ. ಆನ್ ಮಾಡಿ ಹದಿನೈದು ನಿಮಿಷ ಸುಮ್ನೆ ಬಿಡಿ; ಸ್ವರ ಹುಟ್ಟಿಸುವ ಅನಲಾಗ್ ಆಸಿಲೇಟರ್ ಬಿಸಿಯಾಗುವ ತನಕ ಶ್ರುತಿ ಅಲುಗಾಡುತ್ತದೆ. ಆಮೇಲೆ ವಾಯ್ಸ್ ಮೋಡನ್ನು ಪಾಲಿಗೆ (ಒತ್ತಿದ ಪ್ರತಿ ಕೀಗೂ ಒಂದೊಂದು ವಾಯ್ಸ್) ತಿರುಗಿಸಿ, ರಿಲೀಸ್ (ಬೆರಳೆತ್ತಿದ ಮೇಲೆ ಸ್ವರ ಆರಲು ಹಿಡಿಯುವ ಹೊತ್ತು) ಪೂರ್ತಿ ಇಳಿಸಿ. ರಿಲೀಸ್ ಜಾಸ್ತಿ ಇದ್ದರೆ ಬೆರಳೆತ್ತಿದ ಸ್ವರವೂ ವಾಯ್ಸ್ ಹಿಡಿದು ಕೂತಿರುತ್ತದೆ. ಈಗ ನಾಲ್ಕು ಕೀ ಒಟ್ಟಿಗೆ ಹಿಡಿಯಿರಿ. ಮೂರೇ ಕೇಳಿದರೆ ಒಂದು ವಾಯ್ಸ್ ಹೋಗಿರಬಹುದು, ಬಿಟ್ಟುಬಿಡಿ.

ಹಾರ್ಮೋನಿಯಂ ಕೈ ಅಂದಿದ್ದೀರಿ. ಇದರ 37 ಕೀಗಳೂ ಸಣ್ಣವು, ನನ್ನ ಬೆರಳು ಒಗ್ಗಲು ತಿಂಗಳು ಹಿಡಿಯಿತು. ಬೆರಳೆತ್ತಿದರೂ ಸ್ವರ ಉಳಿಸುವ ಸಸ್ಟೇನ್ ಪೆಡಲ್ ಸಿಕ್ಕಿಸಲು ಜಾಗವೂ ಇಲ್ಲ. ನಾನು ಮೈಸೂರಿನ ಭಾವಗೀತೆ ಕಾರ್ಯಕ್ರಮಗಳಲ್ಲಿ ಶ್ರುತಿಯನ್ನು ಶ್ರುತಿಪೆಟ್ಟಿಗೆಗೆ ಬಿಟ್ಟು, ಮಿನಿಲಾಗ್‌ನಲ್ಲಿ ಬಲಗೈ ಮಾತ್ರ ನುಡಿಸುತ್ತೇನೆ. ಆಗ ನಾಲ್ಕು ಸಾಕು.

ಎರಡೂ ಕೈ ಬೇಕೇ ಬೇಕು ಅಂದರೆ ಬೆಹ್ರಿಂಗರ್ ಡೀಪ್‌ಮೈಂಡ್ 6 ಹುಡುಕಿ: ಆರು ವಾಯ್ಸ್, ಪೂರ್ತಿ ಅಳತೆಯ ಕೀ. ಬಸ್ಸಲ್ಲಿ ಒಯ್ಯಲು ಮಾತ್ರ ಮಿನಿಲಾಗ್‌ಗಿಂತ ಭಾರ.