ಈಡು ಹೊಡೆದ ಮೇಲೆ ಹೆಗಲು ನೀಲಿಗಟ್ಟಿದರೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು: ಕೋವಿಯ ಒದೆತ. ಮೊದಲನೆಯದಕ್ಕೆ ಉತ್ತರ ಉದ್ದ ಆಯಿತು. ಉಳಿದ ಮೂವರು ಬೇಸರ ಮಾಡಿಕೊಳ್ಳಬಾರದು. ಅವರಿಗೆ ಬೇಕಾದದ್ದು ಅರ್ಧ ಅದರಲ್ಲೇ ಉಂಟು.

ಪ್ರಶ್ನೆ: ಕಾಸರಗೋಡು ಕಡೆಯ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಅಪ್ಪನ ಕಾಲದ ಜೋಡುನಳಿಗೆಯ 12 ಬೋರ್ ಕೋವಿ ಈಗ ನನ್ನ ಹೆಸರಿಗೆ ಆಗಿದೆ. ಬೆಳೆ ಹಾಳು ಮಾಡುವ ಹಂದಿ ಹೊಡೆಯುವವರ ಪಂಚಾಯತಿನ ಶೂಟರ್ ಪಟ್ಟಿಯಲ್ಲೂ ಹೆಸರುಂಟು. ಕಳೆದ ತಿಂಗಳು ಆದೇಶ ಬಂದ ಮೇಲೆ ರಾತ್ರಿ ಹಲಸಿನ ಮರದ ಬುಡದಲ್ಲಿ ಕೂತು ಕಾಡುಹಂದಿಗೆ ದಪ್ಪ ಗುಂಡುಗಳ ತೋಟೆಯಾದ ಎಲ್‌ಜಿ ಹೊಡೆದೆ. ಹೆಗಲು ನಾಲ್ಕು ದಿನ ನೀಲಿ. ಕೆನ್ನೆ ಊದಿತು. ನಡುಬೆರಳಿನ ಚರ್ಮ ಕಿತ್ತುಹೋಯಿತು. ಎರಡನೇ ಈಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಅಪ್ಪ ಇದೇ ಕೋವಿಯಲ್ಲಿ ಆರಾಮಾಗಿ ಹೊಡೆಯುತ್ತಿದ್ದರು. ನನ್ನ ಮೈಯಲ್ಲಿ ಕಸು ಸಾಲದಾ?

ಉತ್ತರ: ಅಡಿಕೆ ಗೋಣಿ ಹೊರುವ ಮೈಗೆ ಕಸು ಸಾಲದು ಅಂತ ಯಾರು ಹೇಳ್ತಾರೆ? ನೀವು ಬರೆದ ಗಾಯಗಳನ್ನು ಒಂದೊಂದಾಗಿ ನೋಡಿದರೆ ಆ ರಾತ್ರಿ ಏನಾಯಿತು ಅಂತ ಗೊತ್ತಾಗುತ್ತದೆ.

ಮೊದಲು ಹೆಗಲು. ಕನ್ನಡಿ ಮುಂದೆ ನಿಂತು ಕಲೆ ಎಲ್ಲಿತ್ತು ಅಂತ ನೆನಪು ಮಾಡಿಕೊಳ್ಳಿ. ತೋಳಿನ ಸ್ನಾಯುವಿನ ಮೇಲಿದ್ದರೆ ಬಟ್ಟು, ಅಂದರೆ ಹೆಗಲಿಗೆ ಆನಿಸುವ ಕೋವಿಯ ಹಿಂತುದಿ, ಹೊರಗೆ ಜಾರಿತ್ತು. ಕೊರಳ ಕೆಳಗಿನ ಎಲುಬಿನ ಮೇಲಿದ್ದರೆ ಒಳಗೆ ಸರಿದಿತ್ತು. ಬಟ್ಟು ಕೂರಬೇಕಾದದ್ದು ಇವೆರಡರ ನಡುವಿನ ಗುಳಿಯಲ್ಲಿ. ಬಲಗೈಯ ಮೊಣಕೈಯನ್ನು ಸ್ವಲ್ಪ ಮೇಲೆತ್ತಿ, ಆ ಗುಳಿ ತಾನಾಗಿ ತೆರೆದುಕೊಳ್ಳುತ್ತದೆ. ಬಟ್ಟನ್ನು ಅಲ್ಲಿಗೆ ಗಟ್ಟಿಯಾಗಿ ಎಳೆದುಕೊಳ್ಳಿ. ಒದೆತಕ್ಕೆ ಹೆದರಿ ಕೋವಿಯನ್ನು ಹೆಗಲಿನಿಂದ ಒಂದು ಬೆರಳು ದೂರ ಹಿಡಿಯುವವರು ಬಹಳ. ಆಗಲೇ ಪೆಟ್ಟು ಜಾಸ್ತಿ. ತಾಗಿಕೊಂಡಿರುವ ಕೋವಿ ಮೈಯನ್ನು ತಳ್ಳುತ್ತದೆ, ದೂರ ಇರುವ ಕೋವಿ ಬಂದು ಗುದ್ದುತ್ತದೆ.

ಕೆನ್ನೆ ಊದಿದ್ದು ತಲೆ ಎತ್ತಿದ್ದರಿಂದ. ಹಂದಿ ಬಿತ್ತಾ ಅಂತ ನೋಡುವ ಆತುರ. ಕೆನ್ನೆ ಕೋವಿಯ ಹಿಂಬದಿಯ ಮರಕ್ಕೆ ಅಂಟಿಕೊಂಡಿದ್ದರೆ ತಲೆಯೂ ಕೋವಿಯೂ ಒಟ್ಟಿಗೆ ಹಿಂದೆ ಹೋಗುತ್ತವೆ. ನಡುವೆ ಸಂದು ಬಿಟ್ಟರೆ ಮರ ಮೇಲೆದ್ದು ಕೆನ್ನೆಗೆ ಬಡಿಯುತ್ತದೆ.

ನಡುಬೆರಳಿಗೆ ತಾಗಿದ್ದು ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರಿನ ಸುತ್ತ ಇರುವ ಬಳೆಯ, ಹಿಂಬದಿ. ಅಂದರೆ ಬಲಗೈ ಹಿಡಿತ ಸಡಿಲ. ಜೋಡುನಳಿಗೆ ಕೋವಿಯಲ್ಲಿ ಇದು ಬರೀ ಚರ್ಮದ ಪ್ರಶ್ನೆ ಆಗಿ ಉಳಿಯುವುದಿಲ್ಲ. ಮುಂದಿನ ಟ್ರಿಗರ್ ಎಳೆದ ಬೆರಳು ಕೋವಿ ಒದ್ದಾಗ ಹಿಂದಿನದಕ್ಕೆ ಜಾರಿದರೆ ಎರಡೂ ನಳಿಗೆ ಒಟ್ಟಿಗೇ ಹಾರುತ್ತವೆ. ನಿಮ್ಮ ಎರಡನೇ ಈಡಿಗೆ ಗುರಿ ಹಿಡಿದ ನೆನಪೇ ಇಲ್ಲ ಅಂದರೆ ಹಾಗೇ ಆಗಿರಬಹುದು.

ಇನ್ನು ಆ ಹಲಸಿನ ಮರ. ಬೆನ್ನು ಅದಕ್ಕೆ ಆನಿಸಿದ್ದಿರಿ, ಅಲ್ವಾ? ಒದೆತ ಬಂದಾಗ ಮೈ ಹಿಂದಕ್ಕೆ ಹೋಗಬೇಕು. ಹೋಗಲು ಜಾಗ ಇಲ್ಲದಿದ್ದರೆ ಅಷ್ಟನ್ನೂ ಹೆಗಲೇ ನುಂಗಬೇಕು. ಮರದ ಆಸರೆ ಬೇಕಾದರೆ ಎಡಗೈಯನ್ನು ಕಾಂಡಕ್ಕೆ ಆನಿಸಿ, ಬೆನ್ನನ್ನು ಬೇಡ. ನಿಂತು ಹೊಡೆಯುವುದಾದರೆ ಎಡಗಾಲು ಮುಂದೆ, ಮೊಣಕಾಲು ತುಸು ಸಡಿಲ, ಮೈಭಾರ ಮುಂಗಾಲಿನ ಮೇಲೆ. ಗೇಟು ತಳ್ಳಲು ನಿಲ್ಲುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಅಟ್ಟಣೆ ಮೇಲೆ ಇನ್ನೂ ಜಾಗ್ರತೆ. ಒದೆತಕ್ಕೆ ಆಯ ತಪ್ಪಿದರೆ ಕೆಳಗೇ ಬರುವುದು.

ಅಪ್ಪ ಆರಾಮಾಗಿ ಹೊಡೆಯುತ್ತಿದ್ದರು ಅಂದಿರಿ. ಇಲ್ಲಿ ನನಗೆ ಒಂದು ಸಂಶಯ. ಅಪ್ಪ ಹಾಕುತ್ತಿದ್ದ ತೋಟೆಯನ್ನೇ ನೀವೂ ಹಾಕಿದಿರಾ? ಹಳೇ ಇಂಗ್ಲಿಷ್ ಕೋವಿಗಳಲ್ಲಿ ತೋಟೆ ಕೂರುವ ಗೂಡು 2.5 ಇಂಚು, ಅಂದರೆ ಸುಮಾರು 65 ಮಿ.ಮೀ. ಇರುವುದು ಸಾಮಾನ್ಯ. ಈಗ ಅಂಗಡಿಯಲ್ಲಿ 70 ಮಿ.ಮೀ. ತೋಟೆಯೂ ಸಿಗುತ್ತದೆ. ಮೋಸ ಎಲ್ಲಿದೆ ಅಂದರೆ, ಆ 70 ಎನ್ನುವುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಹಾರುವ ಮೊದಲು ಬಾಯಿ ಮಡಚಿರುತ್ತದೆ, ಗಿಡ್ಡ ಇರುತ್ತದೆ, 65ರ ಗೂಡಿನಲ್ಲೂ ಸಲೀಸಾಗಿ ಕೂರುತ್ತದೆ. ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಒದೆತವೂ ಏರುತ್ತದೆ. ನಳಿಗೆಗೂ ಅಪಾಯ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಗೂಡಿನ ಅಳತೆ ತೆಗೆಸಿ, ಆಮೇಲೆ ಮುಂದಿನ ತೋಟೆ. ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ. ಹೆಚ್ಚಿನವು ಕರಿಮದ್ದಿನ ಕಾಲದವು. ಈಗಿನ ಹೊಗೆಯಿಲ್ಲದ ಮದ್ದಿನ ತೋಟೆ ಅದಕ್ಕೆ ಹಾಕಲೇಬೇಡಿ. ಗೋಡೆಯಲ್ಲಿ ಚಂದ ಕಾಣುತ್ತದೆ, ಅಲ್ಲಿಯೇ ಇರಲಿ.

ಚುನಾವಣೆಗೆ ಸ್ಟೇಷನ್ನಿಗೆ ಒಪ್ಪಿಸಿ ವಾಪಸು ತಂದ ಕೋವಿಯಾದರೆ ತೋಟೆ ತುಂಬುವ ಮೊದಲು ನಳಿಗೆಯೊಳಗೆ ಕಣ್ಣಿಟ್ಟು ನೋಡಿ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತದ್ದು. ಕುಂಬಾರ ಹುಳಕ್ಕೆ ಅದು ಹೇಳಿ ಮಾಡಿಸಿದ ಮನೆ. ಒಳಗೆ ಮಣ್ಣಿನ ಗೂಡು ಕಟ್ಟಿದ್ದರೆ ಒದೆತದ ಚಿಂತೆಯೇ ಬೇಡ, ನಳಿಗೆಯೇ ಒಡೆಯುತ್ತದೆ.

ಇಷ್ಟೆಲ್ಲ ಸರಿಮಾಡಿದರೂ ಒಂದು ಉಳಿಯುತ್ತದೆ. ಈಗ ನಿಮ್ಮ ಮೈಗೆ ಹೆದರಿಕೆ ಹತ್ತಿದೆ. ನನ್ನ ಹತ್ತಿರ ಕಲಿಯಲು ಬಂದ ಹುಡುಗನೊಬ್ಬ ಹತ್ತು ಮೀಟರಿನಲ್ಲೂ ಗುರಿಗಿಂತ ಒಂದು ಗೇಣು ಕೆಳಗೆ ಹೊಡೆಯುತ್ತಿದ್ದ. ಕೋವಿ ಸರಿಯಿಲ್ಲ ಸರ್ ಅಂದ. ಕೋವಿ ತೆಗೆದುಕೊಂಡೆ, ಅವನಿಗೆ ಬೆನ್ನು ಹಾಕಿ ತುಂಬಿ ಕೊಟ್ಟೆ. ಒಳಗೆ ನಿಜವಾದ ತೋಟೆಯೋ ಡಮ್ಮಿಯೋ ಅವನಿಗೆ ಗೊತ್ತಿಲ್ಲ. ಗುರಿ ಹಿಡಿದ, ಎಳೆದ. ಟಕ್ ಅಂತ ಒಣ ಸದ್ದು ಬಂತು. ಆದರೆ ನಳಿಗೆಯ ತುದಿ ನಾಲ್ಕು ಇಂಚು ಕೆಳಗೆ ಧುಮುಕಿತ್ತು. ಎರಡೂ ಕಣ್ಣು ಮುಚ್ಚಿದ್ದವು. ಹೆಗಲು ಮುಂದಕ್ಕೆ ನುಗ್ಗಿತ್ತು. ಒದೆತವೇ ಇಲ್ಲದ ಕಡೆ ಒದೆತಕ್ಕೆ ಉತ್ತರ ಕೊಡುತ್ತಿದ್ದ! ಅವನೇ ನೋಡಿ ನಕ್ಕುಬಿಟ್ಟ. ಆಮೇಲೆ ಡಮ್ಮಿ ನಾಲ್ಕು, ನಿಜದ್ದು ಒಂದು, ಈ ಲೆಕ್ಕದಲ್ಲಿ ಮೂರು ಭಾನುವಾರ ಕಳೆದವು. ಧುಮುಕುವುದು ನಿಂತಿತು.

ನೀವೂ ಹಾಗೇ ಮಾಡಿ. ಮನೆಯಲ್ಲಿ ಡಮ್ಮಿ ಮಾತ್ರ, ನಿಜವಾದ ತೋಟೆ ಬೇರೆ ಕೋಣೆಯಲ್ಲಿ ಬೀಗದೊಳಗೆ. ಈಡು ಹೊಡೆಯುವುದು ಪರವಾನಗಿ ಇರುವ ರೇಂಜಿನಲ್ಲಿ, ಗೊತ್ತಿರುವವರು ಪಕ್ಕದಲ್ಲಿ ನಿಂತಾಗ. ಕಿವಿಗೆ ರಬ್ಬರ್ ಬಿರಡೆ, ಅದರ ಮೇಲೆ ಇಯರ್ ಮಫ್. ಈಡಿನ ಸದ್ದು 140 ಡೆಸಿಬೆಲ್ ದಾಟುತ್ತದೆ, ಒಂದೇ ಈಡಿಗೂ ಕಿವಿಗೆ ಪೆಟ್ಟಾಗಬಹುದು. ಜನ ಒದೆತ ಅಂದುಕೊಂಡು ಹೆದರುವುದರಲ್ಲಿ ಅರ್ಧ ಆ ಸದ್ದಿಗೇ. ಕಿವಿ ಮುಚ್ಚಿದ ಮೇಲೆ ಅದೇ ಕೋವಿ ಮೆತ್ತಗಾದ ಹಾಗೆ ಕಾಣುತ್ತದೆ.

ಕಣ್ಣು ಮುಚ್ಚುವುದು ನಿಲ್ಲುವ ತನಕ ರಾತ್ರಿ ತೋಟಕ್ಕೆ ಹೋಗಬೇಡಿ. ಆದೇಶ ಬಂದರೂ ಪಟ್ಟಿಯಲ್ಲಿರುವ ಇನ್ನೊಬ್ಬರು ಹೋಗಲಿ. ಗುರಿ ತಪ್ಪಿದ ಎಲ್‌ಜಿ ಎಲ್ಲಿಗೆ ಹೋಯಿತು ಗೊತ್ತಿಲ್ಲ ಅಂದಿರಲ್ಲ, ನಿಮ್ಮ ನೀಲಿ ಹೆಗಲಿಗಿಂತ ನನಗೆ ಚಿಂತೆ ಆದದ್ದು ಆ ಸಾಲು ಓದಿ. ನಮ್ಮ ಕಡೆ ತೋಟದ ಆಚೆ ಮತ್ತೊಂದು ಮನೆ ಇರುತ್ತದೆ.

(ಹೊಸಬರಿಗೆ: ಬೇಟೆಗೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ತಡೆ ಇದೆ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರ 2022ರಲ್ಲಿ ಕೇರಳದ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಬಂತು. ಲೈಸೆನ್ಸ್ ಕೋವಿ ಇದ್ದರೆ ಸಾಲದು, ಆ ಆದೇಶವೂ ಬೇಕು. ವಿಷ, ಸ್ಫೋಟಕ, ಕರೆಂಟು ಯಾವುದೂ ನಡೆಯದು.)

ಪ್ರಶ್ನೆ: ನಾನು ಮಂಜೇಶ್ವರದವನು, ದಕ್ಷಿಣ ಆಫ್ರಿಕಾದಲ್ಲಿ ಕೆಲಸ. ಅಲ್ಲಿನ ಗೆಳೆಯರು ಬೇಟೆ ಫಾರ್ಮಿಗೆ ಕರೆದುಕೊಂಡು ಹೋಗಿ ಪಾಯಿಂಟ್ 375 ರೈಫಲ್ ಕೊಟ್ಟರು. ಮೇಜಿಗೆ ಒರಗಿ ಹೊಡೆದೆ. ದುರ್ಬೀನು ಹುಬ್ಬಿಗೆ ಬಡಿದು ಮೂರು ಹೊಲಿಗೆ. ಅವರೆಲ್ಲ ನಕ್ಕರು. ಇನ್ನೊಮ್ಮೆ ಕರೆದಿದ್ದಾರೆ.

ಉತ್ತರ: ನಗುವವರ ಹುಬ್ಬನ್ನೂ ಹತ್ತಿರದಿಂದ ನೋಡಿ, ಒಂದಿಬ್ಬರಲ್ಲಿ ಅದೇ ಅರ್ಧಚಂದ್ರದ ಕಲೆ ಕಾಣಬಹುದು.

ನೀವು ಹಿಡಿದದ್ದು ಲಂಡನ್ನಿನ ಹಾಲೆಂಡ್ ಆಂಡ್ ಹಾಲೆಂಡ್‌ನವರು 1912ರಲ್ಲಿ ತಂದ ತೋಟೆಯ ರೈಫಲ್ ಇರಬೇಕು. ಕಾಡೆಮ್ಮೆಯಂಥ ಪ್ರಾಣಿಗೆ ಇಂದಿಗೂ ಅದು ಬಳಕೆಯಲ್ಲಿದೆ. ಒದೆತವನ್ನು ಜೂಲ್ ಲೆಕ್ಕದಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ, ಹಾಗಾಗಿ ನಾನು ಬೀಳುವ ಲೆಕ್ಕ ಹೇಳುತ್ತೇನೆ. ಮೂರೂಕಾಲು ಕೆಜಿ ತೂಗುವ 12 ಬೋರ್ ಸಾಧಾರಣ ತೋಟೆಗೆ ಒದೆಯುವುದು, ಆ ಕೋವಿಯೇ ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ನಿಮ್ಮ 375, ನಾಲ್ಕು ಕೆಜಿ ತೂಕ ಅಂತಿಟ್ಟುಕೊಂಡರೆ, ಸುಮಾರು 1.4 ಮೀಟರಿನಿಂದ. 1956ರಲ್ಲಿ ಬಂದ 458 ವಿಂಚೆಸ್ಟರ್ ಮ್ಯಾಗ್ನಂ ಎಂಬ ಇನ್ನೂ ದೊಡ್ಡ ತೋಟೆಯ ರೈಫಲ್ ಎರಡು ಮೀಟರಿನಿಂದ. ತೂಕ ಕಡಿಮೆ ಮಾಡಿದಷ್ಟೂ ಒದೆತ ಏರುತ್ತದೆ. ಹಗುರ ರೈಫಲ್ ಹೊತ್ತು ನಡೆಯಲು ಸುಖ, ಹೊಡೆಯಲು ಕಷ್ಟ.

ನಿಮ್ಮ ತಪ್ಪು ಮೇಜು. ಮೇಜಿನ ಮೇಲೆ ಬಾಗಿದಾಗ ಎದೆ ಸಿಕ್ಕಿಹಾಕಿಕೊಳ್ಳುತ್ತದೆ, ಕತ್ತು ಮುಂದೆ ಚಾಚುತ್ತದೆ, ಕಣ್ಣು ದುರ್ಬೀನಿಗೆ ಅಂಟುತ್ತದೆ. ಮಲಗಿ ಹೊಡೆದರೆ ಇದಕ್ಕಿಂತ ಕಷ್ಟ. ದೊಡ್ಡ ರೈಫಲ್ಲಿನ ದುರ್ಬೀನಿಗೂ ಕಣ್ಣಿಗೂ 9ರಿಂದ 10 ಸೆಂ.ಮೀ. ಅಂತರ ಬೇಕು. ರೈಫಲ್ ಖಾಲಿ ಮಾಡಿ, ಕಣ್ಣು ಮುಚ್ಚಿ ಹೆಗಲಿಗೆ ತಂದು, ಕೆನ್ನೆ ಇಟ್ಟು ಕಣ್ಣು ಬಿಡಿ. ಚಿತ್ರ ತುಂಬು ದುಂಡಗೆ ಕಾಣಬೇಕು. ಅದಕ್ಕಾಗಿ ತಲೆ ಮುಂದೆ ಚಾಚಬೇಕಾಗಿ ಬಂದರೆ ದುರ್ಬೀನನ್ನೇ ಹಿಂದೆ ಮುಂದೆ ಸರಿಸಿ ಕೂರಿಸಲಿ.

ಮುಂದಿನ ಸಲ ನಿಂತೇ ಹೊಡೆಯಿರಿ, ಮುಂಗೈಗೆ ಕೋಲಿನ ಆಸರೆ ಇರಲಿ. ಮೊದಲು ಒದೆತ ತೀರಾ ಕಡಿಮೆಯ ಸಣ್ಣ ರೈಫಲ್ ಪಾಯಿಂಟ್ 22ರಲ್ಲಿ ಇಪ್ಪತ್ತು, ಆಮೇಲೆ 375ರಲ್ಲಿ ಮೂರು, ಮತ್ತೆ 22ರಲ್ಲಿ ಹತ್ತು ಹೊಡೆದು ನಿಲ್ಲಿಸಿ. ಕೊನೆಯ ನೆನಪು ಮೆತ್ತನೆಯದಿರಲಿ. ನಳಿಗೆ ತುದಿಗೆ ಹಾಕುವ ಮಜಲ್ ಬ್ರೇಕ್ ಒದೆತವನ್ನು ನಿಜವಾಗಿಯೂ ತಗ್ಗಿಸುತ್ತದೆ. ಆದರೆ ಸದ್ದು ಪಕ್ಕದಲ್ಲಿದ್ದವರ ಕಿವಿಗೆ ಅಪ್ಪಳಿಸುತ್ತದೆ. ನಕ್ಕ ಗೆಳೆಯರು ಅಲ್ಲೇ ನಿಂತಿದ್ದರೆ ಇಯರ್ ಮಫ್ ಹಾಕಿಕೊಳ್ಳಲು ಹೇಳಿ.

ಪ್ರಶ್ನೆ: ಬೈರಾಸು (ಟವೆಲು) ಮಡಚಿ ಹೆಗಲಿಗೆ ಇಟ್ಟುಕೊಂಡರೆ ಆಗದಾ? — ಕುಂಬಳೆಯಿಂದ

ಉತ್ತರ: ಒಂದು ಈಡಿಗೆ ಆಗುತ್ತದೆ. ಎರಡನೆಯದಕ್ಕೆ ಬೈರಾಸು ಜಾರಿ ಹೊಟ್ಟೆ ಮೇಲಿರುತ್ತದೆ, ಬಟ್ಟೂ ಅದರ ಜೊತೆ ಜಾರಿರುತ್ತದೆ. ಬಟ್ಟಿಗೇ ಒಂದು ಇಂಚಿನ ಮೆತ್ತನೆಯ ರಬ್ಬರ್ ಪ್ಯಾಡ್ ಕೂರಿಸಿ. ಹಾಗೆ ಕೂರಿಸುವಾಗ ಅಷ್ಟೇ ಮರ ಕೊಯ್ಯಬೇಕಾ ಅಂತ ನೋಡಿ. ಕೋವಿ ಉದ್ದವಾದರೆ ಗಿಡ್ಡ ಕೈಯವರಿಗೆ ಬಟ್ಟು ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ವಯಸ್ಸು 66. ಕಳೆದ ವರ್ಷ ಪೇಸ್‌ಮೇಕರ್ ಹಾಕಿದ್ದಾರೆ, ಎಡಗಡೆ. ನಾನು ಎಡಚ. ತೋಟಕ್ಕೆ ಹಂದಿ ಬರುತ್ತದೆ, ಕೋವಿ ಮುಟ್ಟಬಹುದೋ? — ಬದಿಯಡ್ಕದಿಂದ

ಉತ್ತರ: ಎಡ ಹೆಗಲಿಗೆ ಬೇಡ. ಪೇಸ್‌ಮೇಕರಿನಿಂದ ಹೃದಯಕ್ಕೆ ಹೋಗುವ ತಂತಿ ಬಟ್ಟು ಕೂರುವ ಜಾಗದ ಪಕ್ಕದಲ್ಲೇ ಇರುತ್ತದೆ. ಕೋವಿಯ ಒದೆತಕ್ಕೆ ಆ ತಂತಿ ಹಾಳಾದದ್ದುಂಟು. ಬಲ ಹೆಗಲಿಗೆ ಬದಲಾಯಿಸಬಹುದೋ ಅಂತ ನಿಮ್ಮ ಹೃದಯದ ಡಾಕ್ಟರನ್ನು ಕೇಳಿ. ಸುಮ್ನೆ "ಭಾರದ ಕೆಲಸ ಮಾಡಬಹುದಾ" ಅಂತ ಕೇಳಬೇಡಿ, ಕೋವಿ ಅಂತಲೇ ಹೇಳಿ ಕೇಳಿ. ಅಲ್ಲಿಯ ತನಕ ಪಂಚಾಯತಿಗೆ ಒಂದು ಅರ್ಜಿ ಕೊಟ್ಟು ಪಟ್ಟಿಯಲ್ಲಿರುವ ಶೂಟರನ್ನು ಕರೆಸಿ. ಹಂದಿ ಬರುವ ದಾರಿ ತೋರಿಸುವ ಕೆಲಸ ನೀವು ಮಾಡಿದರೆ ಸಾಕು.