ದೊಡ್ಡ ಕಂಪನಿಯವ್ರು ಕೊನೇ ಗಳಿಗೇಲಿ 30% ಡಿಸ್ಕೌಂಟ್ ಕೇಳ್ತಿದಾರೆ, ಕೊಟ್ಬಿಡ್ಲಾ?

ಡೆಮೊ, ಟ್ರಯಲ್ ಎಲ್ಲಾ ಮುಗಿದ್ಮೇಲೆ ಪ್ರೊಕ್ಯೂರ್‌ಮೆಂಟ್‌ನವ್ರು (ಕಂಪನಿ ಪರವಾಗಿ ರೇಟ್ ಮಾತಾಡಿ ಕೊಳ್ಳೋ ವಿಭಾಗದವ್ರು) ಬಂದು 30% ಇಳಿಸಿ, ಇಲ್ಲಾಂದ್ರೆ ಬೇರೆಯವ್ರ ಹತ್ರ ಹೋಗ್ತೀವಿ ಅಂತಿದಾರೆ, ಏನ್ ಮಾಡ್ಲಿ ಅಂತ ಕೇಳಿದೀರಿ. ಕೊಡ್ಬೇಡಿ. ಅಂದ್ರೆ, ಸುಮ್‌ಸುಮ್ನೆ ಕೊಡ್ಬೇಡಿ.

ನಾನು ಸೇಲ್ಸ್‌ಗೆ ಬಂದ ಹೊಸದ್ರಲ್ಲಿ ಇದೇ ಎಡವಟ್ಟು ಮಾಡ್ಕೊಂಡಿದೀನಿ. ಕ್ವಾರ್ಟರ್ (ಮೂರು ತಿಂಗಳ ಲೆಕ್ಕ) ಮುಗಿಯೋಕೆ ಮೂರು ದಿನ ಇತ್ತು, ಟಾರ್ಗೆಟ್ ತಲೆ ಮೇಲೆ ಕೂತಿತ್ತು, ಕಸ್ಟಮರ್ 20% ಡಿಸ್ಕೌಂಟ್ ಕೇಳಿದ್ರು, ನಾನು ಮ್ಯಾನೇಜರ್‌ನ ಕಾಡಿ ಬೇಡಿ ಅರ್ಧ ಗಂಟೇಲಿ ಅಪ್ರೂವಲ್ ತಗೊಂಡು ಓಕೆ ಅಂತ ಮೇಲ್ ಹಾಕ್ದೆ. ಸಹಿ ಬರುತ್ತೆ ಅಂತ ಕಾಯ್ತಾ ಕೂತ್ರೆ ಬಂದಿದ್ದು ಇನ್ನೊಂದು ಮೇಲ್, ಇನ್ನೂ 8% ನೋಡಿ ಅಂತ. ಅರ್ಧ ಗಂಟೇಲಿ 20 ಇಳಿಸಿದೋನ ಹತ್ರ ಇನ್ನೂ ಏನೋ ಇದೆ ಅಂತ ಯಾರಿಗಾದ್ರೂ ಅನ್ಸುತ್ತೆ ಬಿಡಿ, ಅವ್ರ ಜಾಗದಲ್ಲಿ ನಾನಿದ್ರೂ ಹಂಗೇ ಕೇಳ್ತಿದ್ದೆ.

ಪ್ರೊಕ್ಯೂರ್‌ಮೆಂಟ್‌ನವ್ರಿಗೆ ನಿಮ್ಮ ಮೇಲೇನೂ ದ್ವೇಷ ಇಲ್ಲ, ಈ ವರ್ಷ ಎಷ್ಟು ಉಳಿಸಿದೆ ಅಂತ ಮೇಲಿನವ್ರಿಗೆ ತೋರಿಸೋದೇ ಅವ್ರ ಕೆಲ್ಸ. ಅವ್ರು ರೇಟ್ ಮಾತಾಡೋಕೆ ಕೂತ್ರು ಅಂದ್ರೆ ಎಷ್ಟೋ ಸಲ ಒಳಗಡೆ ನಿಮ್ಮನ್ನ ಆರಿಸಿ ಆಗಿರುತ್ತೆ. ಆದ್ರೆ ಕೆಲವೊಮ್ಮೆ ಬೇರೆಯವ್ರ ರೇಟ್ ಇಳಿಸೋಕೆ ನಿಮ್ ಕೊಟೇಶನ್ ಇಟ್ಕೊಂಡು ಆಟ ಆಡ್ಸೋದೂ ಉಂಟು, ಅದಕ್ಕೇ ನಾನು ನಂಬರ್ ಹೇಳೋಕೆ ಮುಂಚೆ ಒಂದು ಕೇಳ್ತೀನಿ: ರೇಟ್ ಒಂದು ಸರಿಹೋದ್ರೆ ಯಾವತ್ತು ಸಹಿ ಆಗುತ್ತೆ, ನಿಮ್ ಲೀಗಲ್ ಟೀಮ್ ಕಾಂಟ್ರ್ಯಾಕ್ಟ್ ನೋಡಿ ಮುಗಿಸಿದ್ಯಾ, ಸಹಿ ಹಾಕೋರು ಯಾರು? ಇದಕ್ಕೆ ನೆಟ್ಟಗೆ ಉತ್ತರ ಬರ್ಲಿಲ್ಲ ಅಂದ್ರೆ ಡೀಲ್ ಇನ್ನೂ ರೇಟ್ ಹಂತಕ್ಕೇ ಬಂದಿಲ್ಲ.

ಲೆಕ್ಕಾನೂ ಒಂದ್ಸಲ ಹಾಕಿ ನೋಡಿ. 100ಕ್ಕೆ ಮಾರೋದಕ್ಕೆ ನಿಮಗೆ 70 ಖರ್ಚಾದ್ರೆ ಉಳಿಯೋದು 30. 10% ಇಳಿಸಿದ್ರೆ ಲಾಭದಲ್ಲಿ ಮೂರನೇ ಒಂದು ಭಾಗ ಹೋಯ್ತು, 30% ಇಳಿಸಿದ್ರೆ ಪುಕ್ಕಟೆ ದುಡಿದ ಹಾಗೆ. ಮೇಲಾಗಿ ಮುಂದಿನ ವರ್ಷ ರಿನ್ಯೂವಲ್‌ಗೆ ಕೂತಾಗ ನಿಮ್ ಲಿಸ್ಟ್ ಪ್ರೈಸ್ (ಡಿಸ್ಕೌಂಟಿಗೆ ಮುಂಚಿನ ರೇಟ್) ಯಾರಿಗೂ ನೆನಪಿರಲ್ಲ, ಈ ಇಳಿಸಿದ ರೇಟಿಂದಾನೇ ಮಾತು ಶುರು.

ಹಾಗಾದ್ರೆ ಏನ್ ಮಾಡ್ಬೇಕು ಅಂದ್ರೆ, ಇಳಿಸೋದಕ್ಕೆಲ್ಲ ಬದಲಿಗೆ ಏನಾದ್ರೂ ಕೇಳಿ. ಮೂರು ವರ್ಷಕ್ಕೆ ಕಾಂಟ್ರ್ಯಾಕ್ಟ್, ಅಥ್ವಾ ವರ್ಷದ ದುಡ್ಡು ಮೊದ್ಲೇ, ಅಥ್ವಾ 90 ದಿನಕ್ಕೆ ಕೊಡೋ ಪೇಮೆಂಟ್ 30 ದಿನದಲ್ಲೇ. ಬಜೆಟ್ಟೇ ಇಲ್ಲ ಅಂದ್ರೆ ಸರಿ, ಯಾವ ಮಾಡ್ಯೂಲ್ (ಪ್ರಾಡಕ್ಟಿನ ಒಂದು ಭಾಗ) ತೆಗೀಲಿ ಅಂತ ಕೇಳಿ. ಆ ಮಾಡ್ಯೂಲ್ ಬೇಕೇ ಬೇಕು ಅಂತ ಅವ್ರ ಟೀಮೇ ಗಲಾಟೆ ಮಾಡಿ ಎಲ್ಲಿಂದಲೋ ಬಜೆಟ್ ಹುಟ್ಟಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಇಳಿಸಿದ್ರೂ ಮೊದ್ಲು 10%, ಆಮೇಲೆ ಇನ್ನೊಂದು 4%, ಆಮೇಲೆ ಇನ್ನೊಂದು 1% ಅನ್ನೋ ಥರ ಚಿಕ್ಕದಾಗ್ತಾ ಹೋಗ್ಲಿ, ತಳ ಬಂತು ಅಂತ ಅವ್ರಿಗೂ ಗೊತ್ತಾಗುತ್ತೆ.

ಕಾಂಟ್ರ್ಯಾಕ್ಟ್ ಮಾತ್ರ ಲೀಗಲ್‌ನವ್ರು ನೋಡ್ತಾರೆ ಅಂತ ಬಿಡ್ಬೇಡಿ, ನೀವೇ ಕೂತು ಓದಿ. ಮೂರು ವರ್ಷ ಅಂತ ಡಿಸ್ಕೌಂಟ್ ತಗೊಂಡು ಒಳಗೆಲ್ಲೋ 30 ದಿನದ ನೋಟಿಸ್ ಕೊಟ್ಟು ಯಾವಾಗ ಬೇಕಾದ್ರೂ ಬಿಟ್ಟು ಹೋಗ್ಬಹುದು ಅಂತ ಒಂದು ಸಾಲು ಸೇರಿಸಿರ್ತಾರೆ, ಆಗ ನೀವು ಮಾರಿದ್ದು ಬರೀ ಒಂದು ತಿಂಗಳು, ರೇಟ್ ಮೂರು ವರ್ಷದ್ದು. ಇನ್ನೊಂದು, ಬೇರೆ ಯಾವ ಕಸ್ಟಮರ್‌ಗೆ ಇದಕ್ಕಿಂತ ಕಮ್ಮಿಗೆ ಕೊಟ್ರೂ ನಮ್ಗೂ ಅದೇ ರೇಟ್ ಕೊಡ್ಬೇಕು ಅನ್ನೋ ಷರತ್ತು, ಅದನ್ನ ಒಪ್ಕೊಂಡ್ರೆ ಆಮೇಲೆ ಪ್ರತಿ ಡೀಲ್‌ನಲ್ಲೂ ಕೈ ಕಟ್ಟಿದ ಹಾಗೆ.

ಇವತ್ತಿಗೆ ಪ್ರೊಕ್ಯೂರ್‌ಮೆಂಟ್‌ನವ್ರಿಗೆ ಯಾವ ನಂಬರೂ ಬರೀಬೇಡಿ. ಟ್ರಯಲ್ ಮಾಡಿದ ಟೀಮ್‌ನವ್ರಿಗೆ ಒಂದು ಫೋನ್ ಹಾಕಿ, ನಿಮ್ ಪ್ರೊಕ್ಯೂರ್‌ಮೆಂಟ್‌ನವ್ರು ಹಿಂಗಂತಿದಾರೆ, ನೀವು ನಿಜವಾಗ್ಲೂ ಬೇರೆಯವ್ರನ್ನ ನೋಡ್ತಿದೀರಾ, ಯಾವಾಗಿಂದ ಲೈವ್ ಆಗ್ಬೇಕು (ಅಂದ್ರೆ ಕೆಲ್ಸಕ್ಕೆ ಬಳಸೋಕೆ ಶುರು ಮಾಡ್ಬೇಕು) ನಿಮ್ಗೆ ಅಂತ ಕೇಳಿ. ಮುಂದಿನ ತಿಂಗ್ಳೇ ಲೈವ್ ಆಗ್ಬೇಕು ಅಂದ್ರೆ ಅರ್ಜೆಂಟು ನಿಮಗಿಂತ ಜಾಸ್ತಿ ಅವ್ರಿಗಿದೆ.